ತೋಳಬಲ ಮತ್ತು ವಂಶವಾಹಿ: ಸುರಪುರ ಸೀಮೆಯ ಶೌರ್ಯಕಲ್ಪನೆಯ ಒಂದು ಮರುಚಿಂತನೆ

ಕೃಷ್ಣಾ-ಭೀಮೆಯರ ಆಸರೆಯಲ್ಲಿರುವ ಸುರಪುರ, ಶಹಾಪುರ ಮತ್ತು ಯಾದಗಿರಿ ಸೀಮೆಯು 2009ರ ಡಿಸೆಂಬರ್ 30ರಂದು ಕಲಬುರಗಿಯಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾಯಿತು. ಈ ಸೀಮೆಯ ಚರಿತ್ರೆಯನ್ನು ಬರೆದವರೂ ಹಾಡಿದವರೂ ಬೇಡ ನಾಯಕರ ದೇಹಬಲವನ್ನು ತಪ್ಪದೆ ಸ್ಮರಿಸಿದ್ದಾರೆ. ಆದರೆ ಆ ಬಲದ ಮೂಲ ಯಾವುದು ಎಂಬಲ್ಲಿ ಎರಡು ವಿಚಾರಗಳು ಬೆರೆತುಹೋಗಿವೆ. ಬಲವು ರಕ್ತದಿಂದ ಬರುವುದೆಂಬುದು ಒಂದು. ಸಾಧನೆಯಿಂದ ಬರುವುದೆಂಬುದು ಇನ್ನೊಂದು. ಸ್ನಾಯುವಿನ ಒಂದು ಪ್ರೋಟೀನನ್ನು ಕುರಿತ ಆಧುನಿಕ ವಂಶವಾಹಿ ಸಂಶೋಧನೆಯ ಬೆಳಕಿನಲ್ಲಿ ಈ ಎರಡು ವಿಚಾರಗಳನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಚರಿತ್ರೆಯ ಸಾಕ್ಷ್ಯ

1705ರಲ್ಲಿ ಔರಂಗಜೇಬನು ವಾಗಿನಗೇರಾ ಕೋಟೆಯನ್ನು ಸ್ವತಃ ಮುತ್ತಿದನು. ಅದು ಆತನು ಖುದ್ದಾಗಿ ಪಾಲ್ಗೊಂಡ ಕೊನೆಯ ಮುತ್ತಿಗೆ. ಕೋಟೆ ಮೊಗಲರ ವಶವಾದರೂ ಪಿಡ್ಡನಾಯಕನು ಸೆರೆ ಸಿಕ್ಕಲಿಲ್ಲ. ಮುಂದೆ ಹೈದರ್ ಅಲಿ ಮತ್ತು ಟಿಪ್ಪುವಿನ ಸೈನ್ಯಗಳಲ್ಲಿ ಬೇಡರು ಹೆಸರುವಾಸಿಯಾದರು. 1841ರಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತವನ್ನು ನೋಡಿಕೊಂಡ ಫಿಲಿಪ್ ಮೆಡೋಸ್ ಟೇಲರನು ತನ್ನ ಆತ್ಮಚರಿತ್ರೆಯಲ್ಲಿ ಈ ಜನರ ಬಗೆಗೆ ವಿಸ್ತಾರವಾಗಿ ಬರೆದಿದ್ದಾನೆ. 1858ರಲ್ಲಿ ರಾಜಾ ವೆಂಕಟಪ್ಪ ನಾಯಕನ ಹೋರಾಟ ಮುರಿದುಬಿದ್ದು, 1860ರಲ್ಲಿ ಸಂಸ್ಥಾನವು ನಿಜಾಮನಿಗೆ ಸೇರಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಲಾರ್ಡ್ ರಾಬರ್ಟ್ಸ್ ಮೊದಲಾದ ಸೇನಾಧಿಕಾರಿಗಳು ‘ಯೋಧಜನಾಂಗ’ ಎಂಬ ವಿಚಾರವನ್ನು ಮುಂದೊತ್ತಿ, ದಕ್ಷಿಣದವರು ಯುದ್ಧಕ್ಕೆ ಒಗ್ಗದವರೆಂದು ಭಾವಿಸಿದರು. ಸೈನ್ಯ ಭರ್ತಿಯ ಕೇಂದ್ರವು ಪಂಜಾಬ್, ನೇಪಾಳಗಳತ್ತ ಸರಿಯಿತು. ಔರಂಗಜೇಬನನ್ನು ಕಾಡಿದ ಜನರ ಮೊಮ್ಮಕ್ಕಳ ಮೊಮ್ಮಕ್ಕಳು ಹೀಗೆ ಒಂದೇ ಏಟಿಗೆ ಅಯೋಧರಾದರು. ಐದಾರು ತಲೆಮಾರುಗಳಲ್ಲಿ ಬದಲಾದದ್ದು ರಕ್ತವಲ್ಲ. ರಾಜ್ಯ, ಆಯುಧ ಮತ್ತು ಅವಕಾಶ. 1857ರ ಹಲಗಲಿ ಬೇಡರ ದಂಗೆಗೂ ಕಾರಣವಾದದ್ದು ಆಯುಧಗಳನ್ನು ಒಪ್ಪಿಸಬೇಕೆಂಬ ಕಾಯಿದೆಯೇ. ಜೆ.ಎಫ್. ಫ್ಲೀಟ್ ಸಂಗ್ರಹಿಸಿ ಪ್ರಕಟಿಸಿದ ಲಾವಣಿಯೂ ಈ ಸಂಗತಿಯನ್ನೇ ವಸ್ತುವಾಗಿಸಿಕೊಂಡಿದೆ.

ಸ್ನಾಯುವಿನ ಸಾಕ್ಷ್ಯ

ಅಸ್ಥಿಗೆ ಅಂಟಿದ ಸ್ನಾಯುಗಳಲ್ಲಿ ನಿಧಾನ ಮತ್ತು ವೇಗ ಎಂಬ ಎರಡು ಬಗೆಯ ಎಳೆಗಳಿವೆ. ವೇಗದ ಎಳೆಗಳಲ್ಲಿ ಸಂಕೋಚನದ ತಂತುಗಳನ್ನು ಒಂದಕ್ಕೊಂದು ಬಿಗಿದು ನಿಲ್ಲಿಸುವ ಪ್ರೋಟೀನುಗಳಲ್ಲಿ ಆಲ್ಫಾ-ಆಕ್ಟಿನಿನ್-3 ಎಂಬುದು ಒಂದು. ಇದನ್ನು ರೂಪಿಸುವ ವಂಶವಾಹಿಯು ಹನ್ನೊಂದನೆಯ ವರ್ಣತಂತುವಿನಲ್ಲಿದೆ. ಅನೇಕರಲ್ಲಿ ಈ ವಂಶವಾಹಿಯ ಒಂದು ಅಕ್ಷರ ಬದಲಾಗಿ, 577ನೆಯ ಅಮೈನೋ ಆಮ್ಲದ ಸ್ಥಾನದಲ್ಲಿ ‘ಇಲ್ಲಿಗೆ ನಿಲ್ಲು’ ಎಂಬ ಸೂಚನೆ ಬಂದಿರುತ್ತದೆ. ತಂದೆ ತಾಯಿ ಇಬ್ಬರಿಂದಲೂ ಈ ರೂಪವನ್ನು ಪಡೆದವರ ಸ್ನಾಯುಗಳಲ್ಲಿ ಆ ಪ್ರೋಟೀನು ಇರುವುದೇ ಇಲ್ಲ. ಆದರೂ ಅವರು ರೋಗಿಗಳಲ್ಲ. ಸೋದರ ಪ್ರೋಟೀನಾದ ಆಲ್ಫಾ-ಆಕ್ಟಿನಿನ್-2 ಆ ಕೆಲಸವನ್ನು ಬಹುಮಟ್ಟಿಗೆ ನಿರ್ವಹಿಸುತ್ತದೆ. ಕ್ಯಾಥರಿನ್ ನಾರ್ತ್ ಮತ್ತು ಸಂಗಡಿಗರು 1999ರಲ್ಲಿ ಇದನ್ನು ತೋರಿಸಿಕೊಟ್ಟರು. ಜಗತ್ತಿನಲ್ಲಿ ಇಂಥವರು ನೂರು ಕೋಟಿಗೂ ಹೆಚ್ಚು.

2003ರಲ್ಲಿ ಅದೇ ತಂಡವು ಆಸ್ಟ್ರೇಲಿಯದ ಕ್ರೀಡಾಪಟುಗಳನ್ನು ಪರೀಕ್ಷಿಸಿತು. ಸಾಮಾನ್ಯ ಜನರಲ್ಲಿ ಶೇಕಡ 18ರಷ್ಟು ಮಂದಿಗೆ ಈ ಪ್ರೋಟೀನು ಇರಲಿಲ್ಲ. ವೇಗ ಮತ್ತು ಬಲದ ಸ್ಪರ್ಧೆಗಳ ಅಗ್ರಪಟುಗಳಲ್ಲಿ ಅಂಥವರ ಪ್ರಮಾಣ ಕೇವಲ ಶೇಕಡ 6. ಇದರಿಂದ ‘ವೇಗದ ವಂಶವಾಹಿ’ ಎಂಬ ಹೆಸರು ಪ್ರಚಾರಕ್ಕೆ ಬಂತು. ಆದರೆ 2007ರಲ್ಲಿ ಈ ಪ್ರೋಟೀನು ಇಲ್ಲದ ಸ್ಪೇನಿನ ಒಲಿಂಪಿಕ್ ಜಿಗಿತಗಾರನೊಬ್ಬನ ವಿವರ ಪ್ರಕಟವಾಯಿತು. ಅದೇ ವರ್ಷ ಪ್ರಕಟವಾದ ಇನ್ನೊಂದು ಅಧ್ಯಯನವು ಕೀನ್ಯಾ, ಇಥಿಯೋಪಿಯಗಳ ದೂರದ ಓಟಗಾರರ ಸಾಧನೆಗೂ ಈ ವಂಶವಾಹಿಗೂ ಸಂಬಂಧ ಕಾಣಲಿಲ್ಲ. ಸ್ನಾಯುಸಾಮರ್ಥ್ಯದಲ್ಲಿ ವ್ಯಕ್ತಿಯಿಂದ ವ್ಯಕ್ತಿಗೆ ಇರುವ ವ್ಯತ್ಯಾಸದಲ್ಲಿ ಇದರ ಪಾಲು ಶೇಕಡ ಎರಡು ಮೂರರಷ್ಟೆಂಬುದು ಸಾಮಾನ್ಯ ಅಂದಾಜು. ಮೇಲಾಗಿ, ಪ್ರೋಟೀನಿನ ಅಭಾವವು ಬರಿಯ ಕೊರತೆಯೂ ಅಲ್ಲ: 14 ಡಿಗ್ರಿಯ ತಣ್ಣೀರಿನಲ್ಲಿ ಇಂಥವರು ಮೈಶಾಖವನ್ನು ಉಳಿದವರಿಗಿಂತ ಚೆನ್ನಾಗಿ ಕಾಪಾಡಿಕೊಂಡರೆಂದು 2021ರ ಸಂಶೋಧನೆಯೊಂದು ತಿಳಿಸಿದೆ. ದಕ್ಷಿಣ ಏಷ್ಯಾದ ಜನರಲ್ಲಿ ವಂಶವಾಹಿಯ ಎರಡೂ ರೂಪಗಳು ವ್ಯಾಪಕವಾಗಿವೆ. ಒಂದೇ ತಾಯಿಯ ಮಕ್ಕಳಲ್ಲಿಯೂ ಅವು ಬೇರೆಬೇರೆಯಾಗಿ ಹಂಚಿಕೆಯಾಗಬಹುದು. ಆದುದರಿಂದ ಇದನ್ನು ಜಾತಿಯ ಗುರುತಾಗಿ ಬಳಸಲು ಬಾರದು.

ಸಿದ್ದಿಯರ ನಿದರ್ಶನ

ರಕ್ತದ ಮೇಲಿನ ಈ ನಂಬಿಕೆಯು ಕರ್ನಾಟಕದಲ್ಲಿಯೇ ಒಮ್ಮೆ ಸರಕಾರದ ಯೋಜನೆಗೂ ಪ್ರೇರಣೆಯಾಯಿತು. ಆಫ್ರಿಕಾ ಮೂಲದ ಸಿದ್ದಿಯರು ಹುಟ್ಟಿನಿಂದಲೇ ಓಟಗಾರರಾಗಿರಬೇಕೆಂಬ ನಿರೀಕ್ಷೆಯಿಂದ ಭಾರತೀಯ ಕ್ರೀಡಾ ಪ್ರಾಧಿಕಾರವು 1987ರ ಸುಮಾರಿಗೆ ಉತ್ತರ ಕನ್ನಡದ ಸಿದ್ದಿ ಮಕ್ಕಳನ್ನು ಆಯ್ದು ತರಬೇತಿಗೆ ಕರೆದೊಯ್ದಿತು. ಕಮಲಾ ಸಿದ್ದಿಯಂಥ ಪ್ರತಿಭೆಗಳು ಬೆಳಕಿಗೆ ಬಂದವು. ಆದರೆ 1990ರ ದಶಕದಲ್ಲಿ ಯೋಜನೆ ನಿಂತುಹೋಯಿತು. ಅನೇಕ ಮಕ್ಕಳು ಊರಿಗೆ ಮರಳಿದರು. ವಂಶವಾಹಿ ಅಲ್ಲಿಯೇ ಇತ್ತು. ಇಲ್ಲವಾದದ್ದು ಅನ್ನ, ಅಂಗಳ ಮತ್ತು ಗುರು. ಹಾಗೆ ನೋಡಿದರೆ ಸಿದ್ದಿಯರ ಮೂಲವೂ ಏಕರೂಪದ್ದಲ್ಲ. ಅವರಲ್ಲಿ ಆಫ್ರಿಕಾದ ಅಂಶದೊಡನೆ ಭಾರತೀಯ ಅಂಶವೂ ಬೆರೆತಿರುವುದನ್ನು 2011ರ ವಂಶವಾಹಿ ಅಧ್ಯಯನಗಳು ತೋರಿಸಿವೆ.

ಗರಡಿಯ ಸಾಕ್ಷ್ಯ

ಜನಪದದಲ್ಲಿ ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಗಾದೆಯಿದೆ; ‘ಹಾಡ್ತಾ ಹಾಡ್ತಾ ರಾಗ’ ಎಂಬುದೂ ಇದೆ. ಒಂದು ಹುಟ್ಟನ್ನು ಎತ್ತಿಹಿಡಿದರೆ ಇನ್ನೊಂದು ರೂಢಿಯನ್ನು ಎತ್ತಿಹಿಡಿಯುತ್ತದೆ. ಉತ್ತರ ಕರ್ನಾಟಕದ ಗರಡಿಮನೆಯು ಈ ಎರಡನೆಯ ತಿಳಿವಳಿಕೆಯ ಮೇಲೆ ನಿಂತ ಸಂಸ್ಥೆ. ಹನುಮಪ್ಪನ ಮೂರ್ತಿ, ಕೆಮ್ಮಣ್ಣಿನ ಅಖಾಡ, ದಂಡ-ಬಸ್ಕಿ, ಕಲ್ಲುಗುಂಡು, ಹಾಲು-ತುಪ್ಪದ ಖುರಾಕು ಇವೆಲ್ಲವೂ ಬಲವನ್ನು ದಿನದಿನದ ದುಡಿಮೆಯಾಗಿ ಕಂಡ ಕುರುಹುಗಳು. ಹಿಂದೂ ಹುಡುಗನಿಗೆ ಮುಸಲ್ಮಾನ ವಸ್ತಾದಿ ಪಟ್ಟು ಕಲಿಸಿದ ನಿದರ್ಶನಗಳು ಈ ಭಾಗದಲ್ಲಿ ಅಪರೂಪವಲ್ಲ. ಗುಂಡು ಎತ್ತುವ ಪಣದಲ್ಲಿ ಕಲ್ಲು ಯಾರ ಕುಲವನ್ನೂ ಕೇಳುವುದಿಲ್ಲ. ಸುರಪುರದ ವೇಣುಗೋಪಾಲಸ್ವಾಮಿ ಜಾತ್ರೆಯ ಹಾಲೋಕುಳಿಯಲ್ಲಿ ಜಾರುವ ಕಂಬವನ್ನು ಏರುವವನಿಗೂ ಕೆಳಗೆ ಹೆಗಲು ಕೊಡುವವರು ಬೇಕು.

ಸಮಾರೋಪ

ಒಟ್ಟಾರೆಯಾಗಿ, ವಂಶವಾಹಿಯು ಬಲಕ್ಕೆ ಒಂದು ಕಿರಿದಾದ ಆರಂಭವನ್ನು ಮಾತ್ರ ಒದಗಿಸುತ್ತದೆ. ಸುರಪುರದ ನಾಯಕರ ಶೌರ್ಯವನ್ನು ರಕ್ತಗುಣವೆಂದು ಹೊಗಳಿದರೆ ಅವರ ವ್ಯೂಹ, ಶಿಸ್ತು, ನೆಲದ ಅರಿವು ಮತ್ತು ತ್ಯಾಗಗಳನ್ನು ಕಡೆಗಣಿಸಿದಂತಾಗುತ್ತದೆ. ಅಷ್ಟೇ ಅಲ್ಲ, ‘ಇವರು ತೋಳಿನವರು, ತಲೆಯವರಲ್ಲ’ ಎಂಬ ಹಳೆಯ ಅಪವಾದಕ್ಕೂ ಆ ಹೊಗಳಿಕೆಯೇ ದಾರಿಮಾಡಿಕೊಡುತ್ತದೆ. 1991ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿ ಶಿಕ್ಷಣದ ಹೊಸ ಕಣವನ್ನು ಪ್ರವೇಶಿಸಿದ ಸಮುದಾಯದ ಮಕ್ಕಳಿಗೆ ಇದು ಕೇವಲ ಪಾಂಡಿತ್ಯದ ಪ್ರಶ್ನೆಯಲ್ಲ. ಈ ಸೀಮೆಯ ಗರಡಿಗಳ, ವಸ್ತಾದಿಗಳ, ಪಣದ ಕಲ್ಲುಗಳ ವ್ಯವಸ್ಥಿತ ದಾಖಲೀಕರಣ ನಡೆದಾಗ, ಬಲದ ನಿಜವಾದ ವಂಶಾವಳಿಯು ಗುರುಶಿಷ್ಯ ಪರಂಪರೆಯ ರೂಪದಲ್ಲಿ ನಮಗೆ ದೊರೆಯಬಲ್ಲದು.