ಗೋಡೆ ಮೇಲಿನ ಪುಟ್ಟ ಡಬ್ಬಿ: ಜನರೇಟರ್ ಇನ್‌ಲೆಟ್‌ನ ಇತಿಹಾಸ

1/5
ಗೆಳೆಯರೇ, ಇವತ್ತಿನ ಇತಿಹಾಸ ಯಾವ ರಾಜನದ್ದೂ ಅಲ್ಲ, ಒಂದು ಡಬ್ಬಿಯದ್ದು. ಅಮೆರಿಕದ ಎಷ್ಟೋ ಮನೆಗಳ ಹೊರಗೋಡೆ ಮೇಲೆ ಮುಚ್ಚಳ ಇರೋ ಸಣ್ಣ ಪೆಟ್ಟಿಗೆ ಕಾಣುತ್ತೆ. ಮುಚ್ಚಳ ಎತ್ತಿದ್ರೆ ಒಳಗೆ ತೂತುಗಳಿಲ್ಲ, ಪಿನ್‌ಗಳಿವೆ! ಅದೇ ಪವರ್ ಇನ್‌ಲೆಟ್ ಬಾಕ್ಸ್. ಸಾಕೆಟ್ ಕರೆಂಟ್ ಕೊಡುತ್ತೆ, ಇದು ತಗೊಳ್ಳುತ್ತೆ. ಕರೆಂಟ್ ಹೋದಾಗ ಜನರೇಟರ್ ಕೇಬಲ್ಲನ್ನ ಇಲ್ಲಿಗೆ ಸಿಗಿಸ್ತಾರೆ.

2/5
ಕಥೆ ಶುರುವಾಗೋದು ಪ್ಲಗ್‌ನಿಂದ. ಆಗೆಲ್ಲ ಬಹಳಷ್ಟು ಮನೆಗಳಲ್ಲಿ ಕರೆಂಟ್ ಅಂದ್ರೆ ಬಲ್ಬು ಮಾತ್ರ. ಫ್ಯಾನ್ ಬೇಕಂದ್ರೆ ಬಲ್ಬ್ ಬಿಚ್ಚಿ ಅದೇ ಹೋಲ್ಡರ್‌ಗೆ ತಿರುಗಿಸಬೇಕಿತ್ತು. 1904ರಲ್ಲಿ ಕನೆಕ್ಟಿಕಟ್‌ನ ಹಾರ್ವಿ ಹಬ್ಬೆಲ್ ಕಿತ್ತು ಹಾಕಬಹುದಾದ ಪ್ಲಗ್‌ಗೆ ಪೇಟೆಂಟ್ ಪಡೆದ. ಮುಂದೆ ಅವನ ಕಂಪನಿಯೇ ತಿರುಗಿಸಿದ್ರೆ ಲಾಕ್ ಆಗೋ ಟ್ವಿಸ್ಟ್-ಲಾಕ್ ಪ್ಲಗ್ ತಂತು. ಎಳೆದ್ರೂ, ಅದುರಿದ್ರೂ ಬಿಚ್ಚಲ್ಲ. ಇವತ್ತು ಜನರೇಟರ್ ಕೇಬಲ್ ತುದಿಯಲ್ಲಿರೋದು ಅದೇ ವಂಶದ ಪ್ಲಗ್.

3/5
ಈಗ ಮುಖ್ಯ ವಿಷ್ಯ. ಇನ್‌ಲೆಟ್ ಇಲ್ಲದವರು ಏನು ಮಾಡ್ತಿದ್ರು? ಎರಡೂ ಕಡೆ ಪಿನ್ ಇರೋ ಕೇಬಲ್ ಮಾಡಿ, ಮನೆಯ ಸಾಕೆಟ್‌ಗೇ ಜನರೇಟರ್ ಜೋಡಿಸ್ತಿದ್ರು. ಅದರ ಅಡ್ಡಹೆಸರೇ 'ಸೂಸೈಡ್ ಕಾರ್ಡ್'. ಒಂದು ತುದಿ ಕಳಚಿದ್ರೆ ಕೈಯಲ್ಲೇ ಬೆತ್ತಲೆ ಕರೆಂಟ್.

ಅದಕ್ಕಿಂತ ದೊಡ್ಡ ಅಪಾಯ ಬೀದಿಯಲ್ಲಿ. ಟ್ರಾನ್ಸ್‌ಫಾರ್ಮರ್‌ಗೆ ಮುಂದೆ-ಹಿಂದೆ ಅಂತ ಭೇದ ಇಲ್ಲ. 7,200 ವೋಲ್ಟನ್ನ 240ಕ್ಕೆ ಇಳಿಸೋ ಅದೇ ಯಂತ್ರ, ಮನೆಯಿಂದ 240 ಕೊಟ್ರೆ ತಂತಿಗೆ 7,200 ಏರಿಸುತ್ತೆ. ಬಿರುಗಾಳಿಗೆ ಲೈನ್ ತುಂಡಾಗಿದೆ, 'ಕರೆಂಟ್ ಇಲ್ಲ' ಅಂತ ನಂಬಿ ಒಬ್ಬ ಲೈನ್‌ಮ್ಯಾನ್ ಅದನ್ನ ಮುಟ್ಟಿದ್ರೆ? ನಿಮ್ಮ ಫ್ರಿಜ್ ತಂಪಾಗಿರಲಿ ಅಂತ ಇನ್ನೊಬ್ಬನ ಜೀವ.

4/5
1965ರ ನವೆಂಬರ್ 9ರಂದು ಅಮೆರಿಕದ ಈಶಾನ್ಯ ಭಾಗ ಮತ್ತು ಕೆನಡಾದ ಒಂಟಾರಿಯೊದಲ್ಲಿ ಸುಮಾರು 3 ಕೋಟಿ ಜನ ಕತ್ತಲಲ್ಲಿ ಕೂತರು. 1998ರ ಜನವರಿಯ ಹಿಮಬಿರುಗಾಳಿಗೆ ಕ್ವಿಬೆಕ್‌ನಲ್ಲಿ ಕೆಲವರಿಗೆ ವಾರಗಟ್ಟಲೆ ಕರೆಂಟ್ ಇರಲಿಲ್ಲ. 2012ರ ಸ್ಯಾಂಡಿ ಚಂಡಮಾರುತದಲ್ಲಿ 80 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳ ದೀಪ ಆರಿತು. ಇಂಥ ಹೊತ್ತಲ್ಲಿ ಜನ ಜನರೇಟರ್ ಹುಡುಕಿಕೊಂಡು ಹೋಗೋದು ಸಹಜ. ಅದಕ್ಕೇ ಅಲ್ಲಿನ ವಿದ್ಯುತ್ ಸಂಹಿತೆ ಒಂದು ಮಾತು ಕಟ್ಟುನಿಟ್ಟಾಗಿ ಹೇಳುತ್ತೆ: ಬೀದಿ ಕರೆಂಟೂ ಜನರೇಟರ್ ಕರೆಂಟೂ ಒಂದೇ ಹೊತ್ತಿಗೆ ಸೇರಕೂಡದು.

5/5
ಹಾಗಾದ್ರೆ ಆರಿಸೋದು ಹೇಗೆ?
• ಮೊದಲು ಜನರೇಟರ್‌ನ ಔಟ್‌ಲೆಟ್ ನೋಡಿ. ಅದಕ್ಕೆ ಹೊಂದೋ ಇನ್‌ಲೆಟ್ಟೇ ಬೇಕು. 30 ಆಂಪ್, 240 ವೋಲ್ಟ್ ಅಂದ್ರೆ ಗರಿಷ್ಠ 7,200 ವಾಟ್. ಅದಕ್ಕೆ ನಾಲ್ಕು ಪಿನ್ನಿನ ಎಲ್14-30. 50 ಆಂಪ್ ಅಂದ್ರೆ 12,000 ವಾಟ್.
• ಹೊರಗೋಡೆಗೆ ಮಳೆ ತಡೆಯೋ ಪೆಟ್ಟಿಗೆ. 30 ಆಂಪ್‌ಗೆ ಸಾಮಾನ್ಯವಾಗಿ 10 ಗೇಜ್ ತಾಮ್ರದ ತಂತಿ, 50ಕ್ಕೆ 6 ಗೇಜ್.
• ಬಾಕ್ಸ್ ಒಂದೇ ಸಾಲದು! ಟ್ರಾನ್ಸ್‌ಫರ್ ಸ್ವಿಚ್ ಅಥವಾ ಇಂಟರ್‌ಲಾಕ್ ಇರಲೇಬೇಕು. ಇಂಟರ್‌ಲಾಕ್ ಅಂದ್ರೆ ಜಾರೋ ತಗಡು ಅಷ್ಟೇ. ಮೇನ್ ಆಫ್ ಮಾಡದೆ ಜನರೇಟರ್ ಬ್ರೇಕರ್ ಆನ್ ಮಾಡೋಕೆ ಬಿಡಲ್ಲ.
• ಜನರೇಟರ್ ಮನೆಯಿಂದ ಕನಿಷ್ಠ 20 ಅಡಿ ದೂರ. ಹೊಗೆಯಲ್ಲಿರೋ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.
• ಜೋಡಿಸೋ ಕೆಲಸ ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್‌ದು, ಪರ್ಮಿಟ್ ಪಡೆದು.

ನಮ್ಮೂರಲ್ಲಿ ಈ ಕೆಲಸ ಮಾಡೋದು ಚೇಂಜ್‌ಓವರ್ ಸ್ವಿಚ್. ಇಲ್ಲಿ ಬೀದಿ ಲೈನ್ 11,000 ವೋಲ್ಟ್. ವಿಜ್ಞಾನ ಮಾತ್ರ ಒಂದೇ. ಮದುವೆ ಮನೆಯಲ್ಲೋ, ಅಂಗಡಿಯಲ್ಲೋ ಜನರೇಟರ್ ವೈರನ್ನ ನೇರ ಸಾಕೆಟ್‌ಗೆ ತುರುಕೋದು ಕಂಡ್ರೆ ಸುಮ್ಮನಿರಬೇಡಿ. ಕಂಬ ಹತ್ತಿದವನಿಗೆ ನಿಮ್ಮ ಮನೆಯೊಳಗಿನ ಸ್ವಿಚ್ ಕಾಣಲ್ಲ.

ಸೇವ್ ಮಾಡ್ಕೊಳ್ಳಿ, ಮನೇಲಿ ಜನರೇಟರ್ ಇರೋ ಗೆಳೆಯರಿಗೆ ಕಳಿಸಿ.

#ವಸ್ತುವಿನಇತಿಹಾಸ #ಕನ್ನಡದಲ್ಲಿವಿಜ್ಞಾನ #ಲೈನ್‌ಮ್ಯಾನ್