ಚುನಾಯಿತ ಸದಸ್ಯರ ಪದಚ್ಯುತಿ ಮತ್ತು ಪುನರ್ವಿಮರ್ಶೆಯ ಅಧಿಕಾರ: ಕೊಪ್ಪಳ ಸೀಮೆಯ ನಾಲ್ಕು ತಾಲ್ಲೂಕುಗಳ ಹಿನ್ನೆಲೆಯಲ್ಲಿ

ಸ್ಥಳೀಯ ಸಂಸ್ಥೆಗಳ ಚರಿತ್ರೆಯ ಕುರಿತಾದ ಬರವಣಿಗೆ ಬಹುಮಟ್ಟಿಗೆ ಚುನಾವಣೆ, ತೆರಿಗೆ ಮತ್ತು ಅನುದಾನಗಳ ಸುತ್ತ ಬೆಳೆದಿದೆ. ಚುನಾಯಿತ ಸದಸ್ಯನನ್ನು ದುರ್ನಡತೆಯ ಆರೋಪದ ಮೇಲೆ ಸ್ಥಾನದಿಂದ ಇಳಿಸಿದಾಗ ಆ ತೀರ್ಮಾನವನ್ನು ಮರಳಿ ಪರಿಶೀಲಿಸುವ ಅಧಿಕಾರ ಯಾರದು ಎಂಬ ಪ್ರಶ್ನೆಗೆ ಅದರಲ್ಲಿ ದೊರೆತ ಸ್ಥಳ ಅಲ್ಪ. ಇಂದಿನ ಕೊಪ್ಪಳ ಜಿಲ್ಲೆ ರೂಪುಗೊಂಡ ನಾಲ್ಕು ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ನಾಲ್ಕು ತಾಲ್ಲೂಕುಗಳ ಆಡಳಿತ ಚರಿತ್ರೆ ಒಂದೇ ತೆರನಾದುದಲ್ಲ. ಕೊಪ್ಪಳ ಮತ್ತು ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಾಗೀರಿಗೆ ಸೇರಿದ್ದವು. ಗಂಗಾವತಿ ಮತ್ತು ಕುಷ್ಟಗಿ ನಿಜಾಮ ಸರ್ಕಾರದ ನೇರ ಆಡಳಿತದಲ್ಲಿದ್ದು, 1905ರಲ್ಲಿ ಲಿಂಗಸುಗೂರು ಜಿಲ್ಲೆ ರದ್ದಾದಾಗ ರಾಯಚೂರಿಗೆ ಸೇರಿದವು. ನಿಜಾಮನ ಸೀಮೆಯಲ್ಲಿ ಜಿಲ್ಲಾ ಮಂಡಳಿಗೆ ತಾಲ್ಲೂಕುದಾರನೂ ತಾಲ್ಲೂಕು ಮಂಡಳಿಗೆ ತಹಸೀಲ್ದಾರನೂ ಅಧ್ಯಕ್ಷರು. ನೇಮಿಸಿದವನೇ ತೆಗೆಯಬಲ್ಲ ಇಂಥ ವ್ಯವಸ್ಥೆಯಲ್ಲಿ ಪುನರ್ವಿಮರ್ಶೆಯ ಪ್ರಶ್ನೆಯೇ ಹುಟ್ಟುವಂತಿರಲಿಲ್ಲ. ಜಾಗೀರಿನ ಎರಡು ತಾಲ್ಲೂಕುಗಳಲ್ಲಂತೂ 1949ರ ಜಾಗೀರು ರದ್ದತಿಯ ತನಕ ಇಷ್ಟಾದರೂ ಇತ್ತೆನ್ನುವುದು ಕಷ್ಟ.

ತುಂಗಭದ್ರೆಯ ಆಚೆ ದಡದ ಹೊಸಪೇಟೆಯ ಸ್ಥಿತಿ ಬೇರೆ. ಅಲ್ಲಿ ಜಾರಿಯಲ್ಲಿದ್ದ 1920ರ ಮದರಾಸು ಜಿಲ್ಲಾ ಪುರಸಭೆಗಳ ಅಧಿನಿಯಮದ ಪ್ರಕಾರ, ಸದಸ್ಯನೊಬ್ಬನು ಅನರ್ಹನಾಗಿದ್ದಾನೆಯೇ ಎಂಬ ವಿವಾದ ಜಿಲ್ಲಾ ನ್ಯಾಯಾಧೀಶರ ಮುಂದೆ ಹೋಗುತ್ತಿತ್ತು. ಅನರ್ಹತೆ ಬೇರೆ, ದುರ್ನಡತೆಗಾಗಿ ಪದಚ್ಯುತಿ ಬೇರೆ ಎಂಬುದು ನಿಜ; ಆದರೂ ಸದಸ್ಯತ್ವದ ಅಳಿವು ಉಳಿವು ನ್ಯಾಯಾಂಗದ ವಿಷಯವೆಂಬ ಅರಿವು ಆ ಶಾಸನದಲ್ಲಿ ಕಾಣುತ್ತದೆ. ನದಿಯ ಅಗಲದಷ್ಟೇ ಅಂತರದಲ್ಲಿದ್ದ ಗಂಗಾವತಿಗೆ ಆ ಅರಿವು ದಾಟಿ ಬರಲಿಲ್ಲ.

ಹೈದರಾಬಾದ್ ರಾಜ್ಯ ಭಾರತದಲ್ಲಿ ವಿಲೀನವಾದ ಮೇಲೆ 1951ರಲ್ಲಿ ಪುರಸಭೆ ಮತ್ತು ಪಟ್ಟಣ ಸಮಿತಿಗಳಿಗೂ ಗ್ರಾಮ ಪಂಚಾಯತಿಗಳಿಗೂ ಹೊಸ ಶಾಸನಗಳು ಬಂದವು; 1956ರಲ್ಲಿ ಇವೂ ಬದಲಾದವು. ಅದೇ ವರ್ಷದ ನವೆಂಬರ್ 1ರಂದು ರಾಯಚೂರು ಜಿಲ್ಲೆ ವಿಶಾಲ ಮೈಸೂರಿಗೆ ಸೇರಿತು. ಪಟ್ಟಣಗಳಿಗೆ 1964ರ ಪುರಸಭೆಗಳ ಅಧಿನಿಯಮ 1965ರ ಏಪ್ರಿಲ್ 1ರಿಂದ ಅನ್ವಯವಾಯಿತು. ಅದರ 41ನೆಯ ಪ್ರಕರಣವು, ಕರ್ತವ್ಯ ನಿರ್ವಹಣೆಯಲ್ಲಿ ದುರ್ನಡತೆ ಅಥವಾ ಅವಮಾನಕರ ನಡವಳಿಕೆ ಕಂಡುಬಂದಲ್ಲಿ ಸದಸ್ಯನನ್ನು ವಿಚಾರಣೆ ನಡೆಸಿ, ಅಹವಾಲಿಗೆ ಅವಕಾಶ ಕೊಟ್ಟು ತೆಗೆದುಹಾಕುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿದೆ. 1993ರ ಪಂಚಾಯತ್ ರಾಜ್ ಅಧಿನಿಯಮಕ್ಕೆ ಬಳಿಕ ಸೇರಿಸಲಾದ 43ಎ ಪ್ರಕರಣವು ಗ್ರಾಮ ಪಂಚಾಯತಿ ಸದಸ್ಯರ ವಿಷಯದಲ್ಲಿ ಇದೇ ಜಾಡನ್ನು ಹಿಡಿದಿದೆ.

ಇಲ್ಲಿ ಗಮನಿಸಬೇಕಾದ ವೈಷಮ್ಯವೊಂದಿದೆ. ಗ್ರಾಮ ಪಂಚಾಯತಿ ಚುನಾವಣೆಯ ಸಿಂಧುತ್ವವನ್ನು ಪ್ರಶ್ನಿಸುವವನು 30 ದಿನಗಳೊಳಗೆ ಸಿವಿಲ್ ನ್ಯಾಯಾಧೀಶರಲ್ಲಿ ಅರ್ಜಿ ಹಾಕಬಹುದು. ಅದೇ ಕಚೇರಿಯ ಪಂಚಾಯತಿ ಅಭಿವೃದ್ಧಿ ಅಧಿಕಾರಿಯ ಮೇಲೆ ಶಿಸ್ತುಕ್ರಮ ಜರುಗಿದರೆ, ಸರ್ಕಾರಿ ನೌಕರನಾದ ಕಾರಣ ಅವನಿಗೆ 1986ರಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಯ ಬಾಗಿಲು ತೆರೆದಿದೆ. ಪದಚ್ಯುತಗೊಂಡ ಸದಸ್ಯನಿಗೆ ಮಾತ್ರ ಅಂಥ ಮಂಡಳಿ ಇಲ್ಲ. ಅವನು ಹುದ್ದೆಯಲ್ಲಿರುವ ನೌಕರನಲ್ಲವಾದ್ದರಿಂದ ಸೇವಾ ನ್ಯಾಯಮಂಡಳಿಯ ವ್ಯಾಪ್ತಿಗೆ ಬರುವುದಿಲ್ಲ. 1976ರ ಶಾಸನದ ಕರ್ನಾಟಕ ಮೇಲ್ಮನವಿ ನ್ಯಾಯಾಧಿಕರಣವು ಮುಖ್ಯವಾಗಿ ಕಂದಾಯ, ಸಹಕಾರ, ತೆರಿಗೆ ಮುಂತಾದ ವಿಷಯಗಳಿಗೆ ಮೀಸಲು. ಮತದಾರರು ಆರಿಸಿದವನಿಗೆ, ಸರ್ಕಾರ ನೇಮಿಸಿದವನಿಗಿಂತ ಕಡಿಮೆ ರಕ್ಷಣೆ ಎಂದಾಯಿತು. ಇದು ಯಾರೂ ಆಲೋಚಿಸಿ ಮಾಡಿದ ಅನ್ಯಾಯವೆನ್ನುವುದಕ್ಕಿಂತ, ಶಾಸನಗಳು ಒಂದರ ಮೇಲೊಂದು ಪೇರಿಸಿಕೊಂಡು ಬಂದುದರ ಫಲವೆನ್ನುವುದು ಹೆಚ್ಚು ಸಮಂಜಸ.

ಆದುದರಿಂದ ಉಳಿಯುವುದು ಸಂವಿಧಾನದ 226ನೆಯ ಅನುಚ್ಛೇದದಡಿ ಉಚ್ಚ ನ್ಯಾಯಾಲಯದ ರಿಟ್ ಅಧಿಕಾರ. ನ್ಯಾಯಮಂಡಳಿಗಳ ತೀರ್ಪೂ ಈ ಅಧಿಕಾರಕ್ಕೆ ಒಳಪಟ್ಟಿದೆಯೆಂದು ಸರ್ವೋಚ್ಚ ನ್ಯಾಯಾಲಯವು ಎಲ್. ಚಂದ್ರಕುಮಾರ್ ಪ್ರಕರಣದಲ್ಲಿ ಸಾರಿದ್ದು 1997ರಲ್ಲಿ. ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆಯಾದದ್ದೂ ಅದೇ ವರ್ಷ. ರಿಟ್ ವಿಚಾರಣೆ ಮೇಲ್ಮನವಿಯಲ್ಲ. ನ್ಯಾಯಾಲಯವು ಸಾಮಾನ್ಯವಾಗಿ ಸಾಕ್ಷ್ಯವನ್ನು ಹೊಸದಾಗಿ ತೂಗುವುದಿಲ್ಲ; ನೋಟೀಸು ಕೊಟ್ಟರೇ, ಅಹವಾಲು ಕೇಳಿದರೇ, ಕಾರಣ ಬರೆದರೇ ಎಂದು ನೋಡುತ್ತದೆ. ಈ ಮಿತಿಯೊಳಗೂ ಸರ್ವೋಚ್ಚ ನ್ಯಾಯಾಲಯ ಗಟ್ಟಿಯಾದ ತತ್ತ್ವಗಳನ್ನು ರೂಪಿಸಿದೆ. ಪಂಜಾಬಿನ ರಾಜಪುರಾ ಪುರಸಭೆಯ ಅಧ್ಯಕ್ಷರ ತರ್‌ಲೋಚನ್ ದೇವ್ ಶರ್ಮಾ ಪ್ರಕರಣದಲ್ಲಿ (2001) ಅಧಿಕಾರದ ದುರುಪಯೋಗವೆಂದರೆ ಉದ್ದೇಶಪೂರ್ವಕವಾದ, ಗಂಭೀರವಾದ ಕೃತ್ಯವಾಗಿರಬೇಕೆಂದೂ, ಮಹಾರಾಷ್ಟ್ರದ ಉರಣದ ರವಿ ಯಶವಂತ ಭೋಯಿರ್ ಪ್ರಕರಣದಲ್ಲಿ (2012) ಪದಚ್ಯುತಿಯಿಂದ ಆ ವ್ಯಕ್ತಿಗಷ್ಟೇ ಅಲ್ಲ, ಆರಿಸಿ ಕಳಿಸಿದ ಜನರ ಪ್ರಾತಿನಿಧ್ಯದ ಹಕ್ಕಿಗೂ ಧಕ್ಕೆಯೆಂದೂ ಅದು ಹೇಳಿತು.

ತತ್ತ್ವ ಎಷ್ಟೇ ಗಟ್ಟಿಯಿರಲಿ, ಅದನ್ನು ತಲುಪುವ ದಾರಿ ದೂರದ್ದು. 2008ರ ತನಕ ಯಲಬುರ್ಗಾದ ಸದಸ್ಯನು ರಿಟ್ ಅರ್ಜಿಗೆ ದೂರದ ಬೆಂಗಳೂರಿಗೇ ಹೋಗಬೇಕಿತ್ತು. ಸದಸ್ಯತ್ವದ ಅವಧಿ ಐದೇ ವರ್ಷ. ಅದು ಮುಗಿದರೆ ಗೆದ್ದರೂ ಕುರ್ಚಿ ಮರಳದು. ಮೀಸಲಾತಿಯಿಂದ ಮೊದಲ ಬಾರಿಗೆ ಆರಿಸಿಬಂದ ಮಹಿಳೆಯರಿಗೂ ದಲಿತರಿಗೂ ಈ ಖರ್ಚು ಮತ್ತು ಕಾಲಹರಣ ಎಂಥ ಭಾರವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂಗ್ಲೆಂಡಿನಲ್ಲಿ 2000ದ ಸ್ಥಳೀಯ ಆಡಳಿತ ಶಾಸನವು ಸದಸ್ಯರ ನಡತೆಯ ದೂರುಗಳಿಗೆಂದೇ ಪ್ರತ್ಯೇಕ ನ್ಯಾಯಮಂಡಳಿಯೊಂದನ್ನು ಸೃಷ್ಟಿಸಿತ್ತು. 2011ರ ಶಾಸನ ಆ ವ್ಯವಸ್ಥೆಯನ್ನು ಕೈಬಿಟ್ಟಿತು. ವೇಲ್ಸ್ ತನ್ನ ಮಂಡಳಿಯನ್ನು ಉಳಿಸಿಕೊಂಡಿತು. ನಮ್ಮಲ್ಲಿ ಆ ಪ್ರಯೋಗವೇ ನಡೆಯಲಿಲ್ಲ. ಇಲ್ಲಾದ ಬದಲಾವಣೆಯೆಂದರೆ ದೂರ ಕಡಿಮೆಯಾದದ್ದು: 2008ರ ಜುಲೈಯಲ್ಲಿ ಧಾರವಾಡ ಮತ್ತು ಗುಲ್ಬರ್ಗಾಗಳಲ್ಲಿ ಉಚ್ಚ ನ್ಯಾಯಾಲಯದ ಸಂಚಾರಿ ಪೀಠಗಳು ಆರಂಭವಾಗಿ 2013ರಲ್ಲಿ ಕಾಯಂಗೊಂಡವು. ಕಂದಾಯ ಆಡಳಿತದಲ್ಲಿ ಕಲಬುರಗಿ ವಿಭಾಗಕ್ಕೆ ಸೇರಿದ ಕೊಪ್ಪಳ ಜಿಲ್ಲೆಯನ್ನು ನ್ಯಾಯದಾನಕ್ಕೆ ಧಾರವಾಡ ಪೀಠದ ವ್ಯಾಪ್ತಿಗೆ ಕೊಡಲಾಯಿತು. ಹೀಗಾಗಿ ಕುಷ್ಟಗಿಯ ಸದಸ್ಯನ ಪದಚ್ಯುತಿಯ ಆದೇಶ ಇಂದಿಗೂ ಬೆಂಗಳೂರಿನಿಂದ ಹೊರಡುತ್ತದೆ, ಅದರ ಪರಿಶೀಲನೆ ಧಾರವಾಡದಲ್ಲಿ ನಡೆಯುತ್ತದೆ.