ಗೊರಕೆಯ ಗುಟ್ಟು ಗಂಟಲಲ್ಲಿತ್ತು

ಗೊರಕೆ ಎಂದರೆ ಗಾಢನಿದ್ದೆಯ ಗುರುತು, ಹಗಲಿನ ತೂಕಡಿಕೆ ಎಂದರೆ ಸೋಮಾರಿತನ. ಲೋಕದ ಈ ತೀರ್ಪನ್ನು ವೈದ್ಯಶಾಸ್ತ್ರವೂ ಬಹುಕಾಲ ಪೂರ್ತಿ ಬಿಟ್ಟುಕೊಡಲಿಲ್ಲ. ಇವುಗಳ ಹಿಂದಿನ ಕಾಯಿಲೆಯನ್ನು ಅದು ಮೈತೂಕದಲ್ಲಿ ಹುಡುಕಿತು, ಗಂಟಲಲ್ಲಿ ಅಲ್ಲ. 1956ರಲ್ಲಿ ಅಮೆರಿಕದ ವೈದ್ಯ ಬರ್ವೆಲ್ ಮತ್ತು ಸಂಗಡಿಗರು ಒಬ್ಬ ಸ್ಥೂಲಕಾಯದ ವ್ಯವಹಾರಸ್ಥನನ್ನು ವರ್ಣಿಸಿದರು. ಪೋಕರ್ ಆಟದಲ್ಲಿ ಮೂರು ಎಕ್ಕ, ಎರಡು ರಾಜ ಕೈಗೆ ಬಂದಿದ್ದಾಗಲೇ ಆತ ನಿದ್ದೆಗೆ ಜಾರಿದ್ದ. ಡಿಕನ್ಸ್‌ನ 'ಪಿಕ್‌ವಿಕ್ ಪೇಪರ್ಸ್' ಕಾದಂಬರಿಯ ದಢೂತಿ ಹುಡುಗ ಜೋನನ್ನು ನೆನೆದು ಅವರು ಕಾಯಿಲೆಗೆ 'ಪಿಕ್‌ವಿಕಿಯನ್ ಸಿಂಡ್ರೋಮ್' ಎಂದರು. ಬೊಜ್ಜಿನಿಂದ ಉಸಿರಾಟ ಕುಂದಿ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರುವುದೇ ಕಾರಣವೆಂದು ಬಗೆದರು. ಹೆಸರೇ ಬೊಜ್ಜಿನತ್ತ ಬೆರಳು ಮಾಡಿತು.

1965ರಲ್ಲಿ ಫ್ರಾನ್ಸಿನ ಗಾಸ್ತೋ ತಂಡ ಇಂಥವರ ನಿದ್ದೆಯನ್ನೂ ಉಸಿರನ್ನೂ ಒಟ್ಟಿಗೆ ದಾಖಲಿಸಿದಾಗ ಬೇರೆಯೇ ಚಿತ್ರ ಕಂಡಿತು. ಎದೆ ಹೆಣಗುತ್ತಿದ್ದರೂ ಗಾಳಿ ಒಳಹೋಗುತ್ತಿರಲಿಲ್ಲ. ಮೂಗಿಗೆ ಎಲುಬಿನ ಆಸರೆಯಿದೆ, ಶ್ವಾಸನಾಳಕ್ಕೆ ಮೃದ್ವಸ್ಥಿಯ ಬಳೆಗಳಿವೆ. ನಡುವಿನ ಗಂಟಲಿನ ಗೋಡೆ ಮಾತ್ರ ಹೆಚ್ಚಾಗಿ ಬರೀ ಮಾಂಸದ್ದು. ಎಚ್ಚರದಲ್ಲಿ ಸ್ನಾಯುಗಳು ಅದನ್ನು ತೆರೆದಿಡುತ್ತವೆ, ನಿದ್ದೆಯಲ್ಲಿ ಸಡಿಲಗೊಳ್ಳುತ್ತವೆ. ಅಂಗುಳಿನ ಮೆತ್ತನೆಯ ಭಾಗವೂ ಕಿರುನಾಲಗೆಯೂ ಅದುರಿದರೆ ಗೊರಕೆ. ನಾಲಗೆಯ ಬುಡ ಹಿಂದೆ ಸರಿದು ದಾರಿ ಮುಚ್ಚಿದರೆ ಉಸಿರುಕಟ್ಟು. 1969ರಲ್ಲಿ ಜರ್ಮನಿಯ ಕುಹ್ಲೋ ಮತ್ತು ಸಂಗಡಿಗರು ಕತ್ತಿನಲ್ಲಿ ರಂಧ್ರ ಮಾಡಿ, ಗಂಟಲನ್ನು ಬಳಸಿಕೊಂಡು ಹೋಗುವ ನಳಿಕೆ ಇಟ್ಟು ಇಂಥ ರೋಗಿಯನ್ನು ಗುಣಪಡಿಸಿದರು. ಬೊಜ್ಜಿಗೆ ಕೈಹಚ್ಚದ ಆ ಚಿಕಿತ್ಸೆ ಫಲಿಸಿದ್ದೇ ತಡೆ ಗಂಟಲಲ್ಲಿದೆ ಎಂಬುದಕ್ಕೆ ಬಲವಾದ ಸಾಕ್ಷಿ.

ಹಾಗಾದರೆ ತೂಕಕ್ಕೆ ಪಾತ್ರವೇ ಇಲ್ಲವೇ? ಖಂಡಿತ ಇದೆ, ಕೊಬ್ಬು ನಾಲಗೆಯಲ್ಲೂ ಗಂಟಲ ಸುತ್ತಲೂ ಸೇರಿ ದಾರಿಯನ್ನು ಕಿರಿದಾಗಿಸುತ್ತದೆ. ಆದರೆ ಕೆಳದವಡೆ ಚಿಕ್ಕದಾಗಿರುವ ಸಣಕಲು ದೇಹದವರಿಗೂ, ಟಾನ್ಸಿಲ್ ಊದಿದ ಮಕ್ಕಳಿಗೂ ಇದೇ ಕಾಯಿಲೆ ಬರುತ್ತದೆ. ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿ: 1981ರಲ್ಲಿ ವೈದ್ಯ ಫುಜಿತಾ ವರದಿ ಮಾಡಿದ, ಅಂಗುಳನ್ನೂ ಕಿರುನಾಲಗೆಯನ್ನೂ ಕತ್ತರಿಸುವ ಶಸ್ತ್ರಕ್ರಿಯೆ ಎಲ್ಲರಿಗೂ ಫಲಿಸಲಿಲ್ಲವಲ್ಲ? ತಡೆ ಒಂದೇ ಜಾಗದಲ್ಲಿ ಇರುವುದಿಲ್ಲ ಎಂಬುದೇ ಇದಕ್ಕೆ ಉತ್ತರ. ಅಂಗುಳು ಕತ್ತರಿಸಿದರೂ ನಾಲಗೆಯ ಬುಡ ಬೀಳುತ್ತಲೇ ಇರಬಹುದು. ಅದೇ ವರ್ಷ ಸಿಡ್ನಿಯ ಕಾಲಿನ್ ಸಲಿವನ್ ಮೂಗಿನ ಮೂಲಕ ಒತ್ತಡದ ಗಾಳಿ ಹಾಯಿಸಿ ಇಡೀ ಗಂಟಲನ್ನೇ ತೆರೆದಿಟ್ಟರು. ಇಂದಿನ ಸಿಪ್ಯಾಪ್ ಯಂತ್ರ ಹುಟ್ಟಿದ್ದು ಹಾಗೆ. ಯಾರ ಸ್ವಭಾವವನ್ನೂ ತಿದ್ದದೆ, ಬರೀ ಗಾಳಿಯಿಂದ ತೂಕಡಿಕೆ ಹೋಯಿತೆಂದ ಮೇಲೆ ಸೋಮಾರಿಯೆಂಬ ಹಳೆಯ ತೀರ್ಪು ನಿಲ್ಲುವುದಿಲ್ಲ. ಹಗಲು ತೂಕಡಿಸುವವನು ಪ್ರತಿ ರಾತ್ರಿ ಉಸಿರಿಗಾಗಿ ದುಡಿದು ದಣಿದವನು.